ಹೂಳಿನ ಮೇಲೆ ನಿಂತ ಯುದ್ಧನೆಲೆ

ಪಂಪ, ರನ್ನರನ್ನು ಓದುವ ನಮಗೆ ಯುದ್ಧ ಅಂದರೆ ಗದೆ, ಬಾಣ, ಶಪಥ. ಆದರೆ ಎರಡನೆಯ ಮಹಾಯುದ್ಧದ ದೊಡ್ಡದೊಂದು ಪಾಲು ನಡೆದದ್ದು ರಣರಂಗದಿಂದ ಬಹುದೂರ, ಧಕ್ಕೆಗಳಲ್ಲಿ. ಇದಕ್ಕೆ ಎರ್ನಾಕುಲಂ ಎದುರಿನ ವಿಲ್ಲಿಂಗ್ಡನ್ ದ್ವೀಪವನ್ನೇ ಪಾಠವಾಗಿ ಇಟ್ಟುಕೊಳ್ಳೋಣ. (ವೆಲ್ಲಿಂಗ್ಟನ್ ಅಲ್ಲ, ನಮ್ಮಲ್ಲಿ ಅನೇಕರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ.)

ಈ ದ್ವೀಪದ ಬಹುಭಾಗ ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯ ಮಾಡಿದ್ದು. ಮದರಾಸಿನ ಗವರ್ನರ್ ಲಾರ್ಡ್ ವಿಲ್ಲಿಂಗ್ಡನ್ ಕಾಲದಲ್ಲಿ, 1920ರಲ್ಲಿ, ರಾಬರ್ಟ್ ಬ್ರಿಸ್ಟೋ ಎಂಬ ಬಂದರು ಇಂಜಿನಿಯರ್ ಕೊಚ್ಚಿಗೆ ಬಂದ. ಮಾಲ್ಟಾ, ಸೂಯೆಜ್‌ಗಳ ಕೆಲಸದಲ್ಲಿ ಪಳಗಿದವನು. ಒಳಗೆ ವಿಶಾಲವಾದ ಹಿನ್ನೀರು, ಆದರೆ ಅಳಿವೆಯ ಬಾಯಿಗೆ ಅಡ್ಡವಾಗಿ ಗಟ್ಟಿ ಮರಳುದಿಬ್ಬ. ದೊಡ್ಡ ಹಡಗು ಹೊರಗೆ ಲಂಗರು ಹಾಕಬೇಕು, ಸರಕು ದೋಣಿಯಲ್ಲಿ ಬರಬೇಕು, ಮಳೆಗಾಲದಲ್ಲಿ ಅದೂ ಕಷ್ಟ. ಮಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1974ರಲ್ಲಿ ಪಣಂಬೂರಿನ ಹೊಸ ಬಂದರು ಆಗುವವರೆಗೆ ಅವರ ಪಾಡೂ ಇದೇ ಆಗಿತ್ತಲ್ಲವೆ?

ದಿಬ್ಬ ಕಡಿದುಬಿಟ್ಟರಾಯಿತು ಅಂತ ಹೇಳುವುದು ಸುಲಭ. ಕಡಿದರೆ ಅಲೆಗಳು ವೈಪಿನ್ ದಂಡೆಯನ್ನು ತಿಂದುಹಾಕಿದರೆ? ಬ್ರಿಸ್ಟೋ ಮೊದಲು ನೀರಿನ ಸೆಳೆತ ಅಳೆದ, ದಂಡೆಗೆ ಕರಿಕಲ್ಲಿನ ತಡೆಗಳನ್ನು ಹಾಕಿಸಿ ನೋಡಿದ. ಮದರಾಸು, ಕೊಚ್ಚಿ, ತಿರುವಾಂಕೂರು ಸರಕಾರಗಳು ಸುಂಕದ ಪಾಲಿಗಾಗಿ ಎಳೆದಾಡಿದ್ದು ಬೇರೆ. ಆಮೇಲೆ ‘ಲಾರ್ಡ್ ವಿಲ್ಲಿಂಗ್ಡನ್’ ಎಂಬ ಡ್ರೆಜ್ಜರ್ ಬಂತು. ಅದು ತಳದ ಹೂಳನ್ನು ನೀರಿನೊಡನೆ ಹೀರಿ ಕೊಳವೆಗಳಲ್ಲಿ ದೂಡುತ್ತದೆ. ತುಂಬಬೇಕಾದ ಜಾಗದಲ್ಲಿ ನೀರು ಬಸಿದುಹೋಗಿ ಮಣ್ಣು ಉಳಿಯುತ್ತದೆ. ಒಂದೇ ಕೆಲಸಕ್ಕೆ ಎರಡು ಫಲ: ಹಡಗಿಗೆ ಆಳ, ಧಕ್ಕೆಗೆ ನೆಲ. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಒಳಬಂದರಿಗೆ ಬಂತು. 1936ರಲ್ಲಿ ಕೊಚ್ಚಿ ಪ್ರಮುಖ ಬಂದರು ಎನಿಸಿತು.

ಇದೆಲ್ಲ ವ್ಯಾಪಾರಕ್ಕೆಂದು ಮಾಡಿದ್ದು. ಯುದ್ಧ ಬಂದಾಗ ಬಂದರು ಬ್ರಿಟಿಷ್ ನೌಕಾದಳದ ಕೈಗೆ ಹೋಯಿತು. ವಿಚಿತ್ರವೆಂದರೆ, ಬ್ರಿಸ್ಟೋ 1941ರ ಏಪ್ರಿಲ್‌ನಲ್ಲೇ ಕೊಚ್ಚಿ ಬಿಟ್ಟಿದ್ದ. ನಿಜವಾದ ಪರೀಕ್ಷೆ ಬಂದದ್ದು ಮರುವರ್ಷ. 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿತ್ತು; ಏಪ್ರಿಲ್‌ನಲ್ಲಿ ಜಪಾನೀ ವಿಮಾನಗಳು ಕೊಲಂಬೊ, ತ್ರಿಂಕೋಮಲಿ, ವಿಶಾಖಪಟ್ಟಣಗಳ ಮೇಲೆ ಬಾಂಬು ಹಾಕಿದವು. ಪೂರ್ವ ಕರಾವಳಿಯನ್ನು ನಂಬುವಂತಿಲ್ಲ. ಹಾಗಾಗಿ ಮುಂಬಯಿಗೂ ಕೊಲಂಬೊಗೂ ನಡುವೆ, ಮಳೆಗಾಲದಲ್ಲೂ ದೊಡ್ಡ ಹಡಗು ಒಳಗೆ ನಿಲ್ಲಬಹುದಾದ ಈ ತಾಣಕ್ಕೆ ಎಲ್ಲಿಲ್ಲದ ಬೆಲೆ ಬಂತು. 1943ರಲ್ಲಿ ಇಲ್ಲೇ ‘ವೆಂಡುರುತ್ತಿ’ ನೌಕಾನೆಲೆ ಶುರುವಾಯಿತು.

ಹಾಗಾದರೆ ಬ್ರಿಸ್ಟೋ ಯುದ್ಧದ ಇಂಜಿನಿಯರ್ ಹೌದೆ? ನನ್ನ ಮಟ್ಟಿಗೆ ಹೌದು. ಅಳಿವೆಯನ್ನು ಆರು ತಿಂಗಳಲ್ಲಿ ಆಳ ಮಾಡಲು ಯಾವ ಸೇನಾಪತಿಯ ಆಜ್ಞೆಯಿಂದಲೂ ಆಗುವುದಿಲ್ಲ. ಇಪ್ಪತ್ತು ವರ್ಷದ ಕೆಲಸ ಮೊದಲೇ ಆಗಿತ್ತು. ಆದರೆ ಆತನೊಬ್ಬನ ಹೆಸರು ಹೇಳಿ ಸುಮ್ಮನಾಗುವುದೂ ಸರಿಯಲ್ಲ. ದ್ವೀಪಕ್ಕೆ ಗವರ್ನರನ ಹೆಸರು, ಡ್ರೆಜ್ಜರಿಗೂ ಅದೇ ಹೆಸರು! ಕೆಸರಲ್ಲಿ ನಿಂತು ಕೊಳವೆ ಜೋಡಿಸಿದವರ, ಕಲ್ಲು ಹೊತ್ತವರ ಹೆಸರು ಯಾವ ಫಲಕದಲ್ಲಿದೆ?

ಬಂದರು 1945ರ ಮೇ 19ರಂದು ನಾಗರಿಕ ಆಡಳಿತಕ್ಕೆ ಮರಳಿತು. ವೆಂಡುರುತ್ತಿ ಮಾತ್ರ ನೌಕಾದಳದಲ್ಲೇ ಉಳಿದು, ಈಗ ಭಾರತದ ದಕ್ಷಿಣ ನೌಕಾ ಕಮಾಂಡಿನ ನೆಲೆಯಾಗಿದೆ. ಬ್ರಿಸ್ಟೋ 1959ರಲ್ಲಿ ‘ಕೊಚ್ಚಿನ್ ಸಾಗಾ’ ಎಂಬ ಪುಸ್ತಕ ಬರೆದ. ಇಂಗ್ಲಿಷ್‌ನಲ್ಲಿದೆ, ಆಸಕ್ತರು ಹುಡುಕಿ ಓದಬಹುದು.