ಮನೆಯ ರೂಢಿಯೇ ಮಕ್ಕಳ ಪಾಠ

ಕೆಲವು ರೋಗಗಳು ತಾಯಿತಂದೆಯರ ಬೀಜದೋಷದಿಂದ ಮಕ್ಕಳಿಗೆ ಬರುತ್ತವೆಂದು ಆಯುರ್ವೇದವು ಹೇಳುತ್ತದೆ. ಅಸ್ತವ್ಯಸ್ತತೆ ಅಂಥದ್ದಲ್ಲ; ಅದು ಕಂಡು ಕಲಿತದ್ದು. ಬೆಳಗಿನವರೆಗೂ ಬಿದ್ದಿರುವ ಮುಸುರೆ ಪಾತ್ರೆ, ಹಾಸಿಗೆಯ ಮೇಲಿನ ಒದ್ದೆ ಬಟ್ಟೆ, ತಿಂಗಳುಗಟ್ಟಲೆ ತೊಳೆಯದ ನೀರಿನ ಡ್ರಮ್ಮು, ಇವುಗಳ ನಡುವೆ ಬೆಳೆದ ಮಗುವಿಗೆ ಇವೇ ಸಹಜವೆನಿಸುತ್ತವೆ. ಅಭ್ಯಾಸಬಲದಿಂದ ಆಹಾರವಿಹಾರಗಳು ಒಗ್ಗಿಹೋಗುವುದನ್ನು ನಮ್ಮ ಶಾಸ್ತ್ರವು ‘ಓಕಸಾತ್ಮ್ಯ’ವೆಂದು ಕರೆಯುತ್ತದೆ.

ಆದರೆ ಕಣ್ಣಿಗೆ ಒಗ್ಗಿದ್ದೆಲ್ಲವೂ ದೇಹಕ್ಕೆ ಒಗ್ಗದು. ಮುಸುರೆಗೆ ಜಿರಲೆಗಳು ಸೇರುತ್ತವೆ. ಅವುಗಳ ಹಿಕ್ಕೆಯೂ ತೇವದ ಬೂಸ್ಟೂ ಕೆಲವು ಮಕ್ಕಳಲ್ಲಿ ಉಬ್ಬಸವನ್ನು ಕೆರಳಿಸುತ್ತವೆ. ಡೆಂಗಿ ಹರಡುವ ಸೊಳ್ಳೆಯು ನಿಂತ ನೀರಿನಲ್ಲಿ ಸುಮಾರು 7ರಿಂದ 10 ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯುತ್ತದೆ. ಕಾರಣವನ್ನು ಮನೆಯಲ್ಲಿಯೇ ಉಳಿಸಿಕೊಂಡು ಮಗುವಿಗೆ ಔಷಧಿ ಕುಡಿಸಿದರೆ ಫಲವೆಷ್ಟು?

ಗದರಿಕೆಯಿಂದ ರೂಢಿ ಬದಲಾಗದು. ರೂಢಿಯಾದ ಅಹಿತವನ್ನು ಒಮ್ಮೆಲೇ ಅಲ್ಲ, ಕಾಲುಕಾಲು ಭಾಗವಾಗಿ ಬಿಡಬೇಕು. ಹಿತವನ್ನೂ ಹಾಗೆಯೇ ಹಿಡಿಯಬೇಕು ಎಂಬುದು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದ ಉಪದೇಶ. ಅದರಂತೆ ಮೊದಲು ವಾರಕ್ಕೊಮ್ಮೆ ಡ್ರಮ್ಮನ್ನು ಬರಿದುಮಾಡಿ, ಒಳಬದಿಯನ್ನು ಉಜ್ಜಿ ತೊಳೆದು, ಮುಚ್ಚಿಡೋಣ. ಅದು ರೂಢಿಯಾದ ಮೇಲೆ ರಾತ್ರಿಯೇ ಪಾತ್ರೆ ತೊಳೆದು ಮಲಗೋಣ. ಬಳಿಕ ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹರವೋಣ. ತಾಯಿಯೊಬ್ಬಳೇ ಅಲ್ಲ, ತಂದೆಯೂ ಕೈಹಚ್ಚಬೇಕು. ತಂದೆ ಮಾಡದ ಕೆಲಸವನ್ನು ಮಗ ಕಲಿಯನು. ಮಗುವಿಗೂ ವಯಸ್ಸಿಗೆ ತಕ್ಕ ಒಂದು ಕೆಲಸವಿರಲಿ.

ಶರಣರು ಕಾಯಕದಲ್ಲಿ ಮೇಲುಕೀಳನ್ನೆಣಿಸಲಿಲ್ಲ. ಕಸ ಗುಡಿಸುವುದೂ ಕಾಯಕವೆಂದು ನಾವು ನಡೆದು ತೋರಿದರೆ, ಮಕ್ಕಳಿಗೆ ಬೇರೆ ಬೋಧನೆ ಬೇಕಾಗದು.