ಆ ‘ಒಂಥರಾ’ಕ್ಕೊಂದು ಹೆಸರು

ಹಾಸನದಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಅಂಗಡಿ. ಒಂದು ಮಳೆಗಾಲದ ಕೊನೆಗೆ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ಪುಡಿ ಮೊದಲಿನ ಹಾಗಿಲ್ಲ ಅನ್ನತೊಡಗಿದರು. ಏನಾಗಿದೆ ಎಂದು ಕೇಳಿದರೆ, “ಏನೋ ಒಂಥರಾ.” ತೋಟ ಅದೇ, ಹುರಿಯುವ ಹದ ಅದೇ, ಚಿಕೋರಿ ಎಂದಿನಂತೆ ನೂರಕ್ಕೆ 20. ಆ ‘ಒಂಥರಾ’ಕ್ಕೆ ಹೆಸರು ಹುಡುಕಲು ನನಗೆ ಐದು ತಿಂಗಳು ಹಿಡಿಯಿತು.

ತೋಟದವರ ಮನೆಯಲ್ಲಿ ಅದೇ ಕೊಯ್ಲಿನ ಬೀಜ ಇನ್ನೂ ಉಳಿದಿತ್ತು. ಅದನ್ನೂ ನಮ್ಮ ದಾಸ್ತಾನಿನದನ್ನೂ ಒಂದೇ ದಿನ ಹುರಿಸಿ, ಬಂದವರಿಗೆಲ್ಲ ಕುಡಿಸಿ, ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದೆ. ಸರಾಸರಿ ಹೆಚ್ಚುಕಡಿಮೆ ಒಂದೇ ಬಂತು. ಕಟುವಾದ ಕಾಫಿ ಇಷ್ಟಪಡುವವರು ಕೊಟ್ಟ ಅಂಕವನ್ನು ಸೌಮ್ಯವಾದದ್ದು ಬೇಕೆನ್ನುವವರು ಅಳಿಸಿಹಾಕಿದ್ದರು. ಇಷ್ಟವೆಷ್ಟು ಎಂಬುದೂ ಹೇಗಿದೆ ಎಂಬುದೂ ಬೇರೆಬೇರೆ ಪ್ರಶ್ನೆಗಳು. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ಕೂಡ 2023ರ ಹೊಸ ಪದ್ಧತಿಯಲ್ಲಿ ವರ್ಣನೆಗೆ ಒಂದು ಹಾಳೆ, ಮೆಚ್ಚುಗೆಗೆ ಇನ್ನೊಂದು ಎಂದು ಬೇರ್ಪಡಿಸಿತು.

ಹಾಗಾದರೆ ವ್ಯತ್ಯಾಸ ನಿಜವಾಗಿ ಇದೆಯೇ? ಅದಕ್ಕೆ ಮೂರು ಲೋಟದ ಪರೀಕ್ಷೆ ಇದೆ. ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಗುರುತಿಸಬೇಕು. ಊಹಿಸಿ ಹೇಳಿದರೂ ಮೂರಕ್ಕೊಂದು ಸರಿಯಾಗುವುದರಿಂದ, 30 ಜನರಲ್ಲಿ ಕನಿಷ್ಠ 15 ಮಂದಿ ಸರಿ ಹೇಳಿದರಷ್ಟೇ ನಂಬಬಹುದು. ನಮ್ಮಲ್ಲಿ 19 ಮಂದಿ ಹೇಳಿದರು. ವ್ಯತ್ಯಾಸ ಇತ್ತು, ಆದರೆ ಅದರ ಹೆಸರು ಈ ಪರೀಕ್ಷೆಯಿಂದ ಸಿಗುವಂಥದ್ದಲ್ಲ.

ಆಮೇಲೆ ಪದಗಳ ಪಟ್ಟಿ. ಕಹಿ, ಹುಳಿ, ಒಗರು, ಸೀದ ವಾಸನೆ, ಘಾಟು, ಬೆಲ್ಲದ ಘಮ ಎಂದೆಲ್ಲ ಬರೆದು, ಅನಿಸಿದ್ದಕ್ಕೆ ಟಿಕ್ ಹಾಕಿ ಎಂದೆ. ಎರಡು ನಿಮಿಷದ ಕೆಲಸ, ಗಿರಾಕಿಗಳಿಗೂ ಬೇಸರವಿಲ್ಲ. ಮೇಲಿನ ಪದಗಳಿಗೇ ಹೆಚ್ಚು ಟಿಕ್ ಬೀಳುತ್ತದೆಂದು ಪ್ರತಿ ಹಾಳೆಯಲ್ಲೂ ಕ್ರಮ ಬದಲಿಸಿದ್ದೆ. ಎರಡೂ ಕಾಫಿಗೆ ‘ಕಹಿ’ ಸಮಸಮ ಬಂತು. ಟಿಕ್ಕಿಗೆ ಇದೆ ಎನ್ನುವುದು ಗೊತ್ತು, ಎಷ್ಟಿದೆ ಎನ್ನುವುದು ಗೊತ್ತಿಲ್ಲ. ಆ ಹೊತ್ತಿಗೆ ನನಗೆ ಹೊಳೆದ ಕೊರತೆ ಇಷ್ಟೇ.

ಕೊನೆಗೆ ಹಿಡಿದದ್ದು ದೊಡ್ಡ ದಾರಿ. 1974ರಲ್ಲಿ ಹರ್ಬರ್ಟ್ ಸ್ಟೋನ್ ಮತ್ತು ಸಂಗಡಿಗರು ಪ್ರಕಟಿಸಿದ ಪದ್ಧತಿಯನ್ನು ನಮ್ಮ ಅಳತೆಗೆ ಇಳಿಸಿಕೊಂಡೆ. ಎಂಟು ಜನ, ವಾರಕ್ಕೆರಡು ಮಧ್ಯಾಹ್ನ, ಆರು ವಾರ. ಮೊದಲು ಪದಗಳನ್ನು ತಾವೇ ಹುಡುಕಬೇಕು. ಎಲ್ಲರಿಗೂ ಒಂದೇ ಅರ್ಥವಾಗುವಂತೆ ಪ್ರತಿ ಪದಕ್ಕೂ ಒಂದು ವಸ್ತು ಮುಂದಿಡಬೇಕು. ಆಮೇಲೆ 15 ಸೆಂಟಿಮೀಟರ್ ಗೆರೆಯ ಮೇಲೆ ಎಷ್ಟು ಎಂದು ಗುರುತು ಹಾಕಬೇಕು. ಲೋಟಗಳಿಗೆ ಹೆಸರಿಲ್ಲ, ಮೂರಂಕಿಯ ಸಂಖ್ಯೆ ಮಾತ್ರ. ಹಾಲು ಒಗರನ್ನು ತಗ್ಗಿಸುತ್ತದಾದ್ದರಿಂದ ಬರೀ ಡಿಕಾಕ್ಷನ್.

ಮೊದಲ ವಾರವೆಲ್ಲ ಕಹಿ-ಒಗರಿನ ಜಗಳದಲ್ಲೇ ಕಳೆಯಿತು. ನಮ್ಮ ಅತ್ತಿಗೆ ಒಂದು ಗುಟುಕು ಬಾಯಲ್ಲಿಟ್ಟು, ನಾಲಿಗೆಯನ್ನು ಅಂಗಳಕ್ಕೆ ಒತ್ತಿ, ಮೆಲ್ಲಗೆ ಬಿಡಿಸಿ, “ಇದು ಕಹಿ ಅಲ್ಲ ಕಣಪ್ಪ, ನಾಲಿಗೆ ಹಿಡೀತದೆ” ಅಂದರು. ಅವರು ಹೇಳಿದ್ದೇ ಸರಿ. ಕಹಿ ರುಚಿ, ಒಗರು ಸ್ಪರ್ಶ, ಜೊಲ್ಲಿನ ಜಾರು ಹೋಗಿ ಬಾಯಿ ಒರಟಾಗುವುದು. ಮೆಂತ್ಯ ನೆನೆಸಿದ ನೀರು ಒಂದು ಕಡೆ, ಎಳೆ ಬಾಳೆಕಾಯಿ ಚೂರು ಇನ್ನೊಂದು ಕಡೆ ಇಟ್ಟ ಮೇಲೆ ಜಗಳ ನಿಂತಿತು.

ಮೂರನೇ ವಾರ ಅತ್ತಿಗೆಯೇ ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನೆಂದ ಗೋಣಿ.” ಒದ್ದೆ ಗೋಣಿತುಂಡನ್ನು ಜಾಡಿಯಲ್ಲಿ ಮುಚ್ಚಿಟ್ಟು ಎಲ್ಲರಿಗೂ ಮೂಸಿಸಿದೆ. ಅಂದಿನಿಂದ ಎಂಟೂ ಜನರ ಗುರುತು ಒಂದೇ ಕಡೆ ಬೀಳತೊಡಗಿತು: ನಮ್ಮ ಬೀಜಕ್ಕೆ ಗೆರೆಯ ನಡುವಿಗೂ ಆಚೆ, ತೋಟದ ಬೀಜಕ್ಕೆ ಸೊನ್ನೆಯ ಪಕ್ಕ. ಹಸಿ ಕಾಫಿಬೀಜ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ನಮ್ಮ ಚೀಲಗಳು ಜೂನಿನಿಂದ ಗೋಡೆಗೊರಗಿ, ಬರಿ ನೆಲದ ಮೇಲೆ ಕೂತಿದ್ದವು.

‘ಗೋಣಿ ವಾಸನೆ’ಯನ್ನು ಸೇರಿಸಿ ಹಳೆಯ ಟಿಕ್ ಹಾಳೆಯನ್ನು ಮತ್ತೆ ಗಿರಾಕಿಗಳ ಮುಂದಿಟ್ಟೆ. ಈ ಸಲ ನಮ್ಮ ದಾಸ್ತಾನಿನ ಕಾಫಿ ಕುಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕೇ ಟಿಕ್ ಹಾಕಿದರು. ಮೊದಲ ಸಲವೂ ಅವರಿಗೆ ಅದು ಗೊತ್ತಾಗಿತ್ತು. ನನ್ನ ಪಟ್ಟಿಯಲ್ಲಿ ಆ ಪದ ಇರಲಿಲ್ಲ, ಅಷ್ಟೇ.

ಈಗ ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ. ಮಳೆಗಾಲದಲ್ಲಿ ಪ್ರತಿ ಸೋಮವಾರ ಅತ್ತಿಗೆ ಎರಡು ಲೋಟ ಮೂಸಿ ನೋಡುತ್ತಾರೆ. ಗೋಣಿಯ ಗೆರೆಯ ಮೇಲೆ ಗುರುತು ಎಡತುದಿಯಲ್ಲೇ ಇದ್ದರೆ ಅವತ್ತು ಹುರಿಯುವ ಒಲೆ ಹೊತ್ತಿಸುತ್ತೇವೆ.