ಪಿಕಪ್ಪಿಗೊಂದು ಕಯಾಕ್ ರ‍್ಯಾಕ್

ಮಿಷಿಗನ್ನಿನಲ್ಲಿ ಹಿಮ ಕರಗಿದ್ದೇ ತಡ, ಹೆದ್ದಾರಿಯಲ್ಲಿ ಎಲ್ಲಿ ನೋಡಿದರೂ ಗಾಡಿಗಳ ನೆತ್ತಿಯ ಮೇಲೆ ದೋಣಿಗಳು. ಅಂಗಡಿಯಲ್ಲಿ ಒಳ್ಳೆಯ ರ‍್ಯಾಕ್ ಕೊಳ್ಳಲು ಹೋದರೆ ನೂರಾರು ಡಾಲರ್ ಬೇಕು. ರೀಪು, ಬೋಲ್ಟು ತಂದು ಮನೆಯಲ್ಲೇ ಕಟ್ಟಿದರೆ ಖರ್ಚು ಬಹಳ ಕಡಿಮೆ. ನನ್ನ ಪಿಕಪ್ಪಿಗೂ ಗೆಳೆಯರ ಪಿಕಪ್ಪುಗಳಿಗೂ ಕಟ್ಟುತ್ತಾ ಕಟ್ಟುತ್ತಾ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಭಾರಕ್ಕಿಂತ ಗಾಳಿಯ ಲೆಕ್ಕ ಮೊದಲು. 12 ಅಡಿಯ ಪ್ಲಾಸ್ಟಿಕ್ ಕಯಾಕ್ ಸುಮಾರು 20ರಿಂದ 27 ಕಿಲೋ ತೂಗುತ್ತದೆ. ಎರಡನ್ನು ಹೇರಿದರೂ ಒಬ್ಬ ಸಣಕಲು ಮನುಷ್ಯನ ತೂಕ. ಇಷ್ಟೇ ತಾನೇ ಎಂದು ಜನ ನಾಲ್ಕು ಕಂಬ ನಿಲ್ಲಿಸಿ, ಮೇಲೆರಡು ಅಡ್ಡಪಟ್ಟಿ ಬಡಿದು ಕೈತೊಳೆದುಕೊಳ್ಳುತ್ತಾರೆ. ನಿಂತ ಗಾಡಿಗೆ ಅಷ್ಟು ಸಾಕು. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಊರೊಳಗೆ ಗಂಟೆಗೆ 35 ಮೈಲಿ ಇದ್ದದ್ದು ಹೆದ್ದಾರಿಯಲ್ಲಿ 70 ಆದಾಗ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದು ದೋಣಿಯ ಮೂತಿಯನ್ನು ಮೇಲಕ್ಕೆತ್ತುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಅಡ್ಡಡ್ಡ ನೂಕುತ್ತದೆ. ಬ್ರೇಕ್ ಒತ್ತಿದಾಗಲಂತೂ ಇಡೀ ಚೌಕಟ್ಟು ಮುಂದಕ್ಕೆ ವಾಲಲು ನೋಡುತ್ತದೆ. ಓರೆಪಟ್ಟಿ ಇಲ್ಲದ ಚೌಕಟ್ಟು, ಮರ ಎಷ್ಟೇ ದಪ್ಪವಿರಲಿ, ಮೂಲೆಗಳು ಸಡಿಲವಾಗಿ ಸೊಟ್ಟಗಾಗುತ್ತದೆ. ಮೂಲೆಯಿಂದ ಓರೆಯಾಗಿ ಪಟ್ಟಿ ಬಡಿದಾಗ ಆಗುವ ತ್ರಿಕೋನ ಹಾಗೆ ಜಗ್ಗುವುದಿಲ್ಲ. ದಪ್ಪ ಮರಕ್ಕೆ ಸುರಿಯುವ ದುಡ್ಡನ್ನು ಓರೆಪಟ್ಟಿಗಳಿಗೆ ಹಾಕಿ. ಗಾಡಿಯ ಉದ್ದಕ್ಕೂ ಬೇಕು, ಅಗಲಕ್ಕೂ ಬೇಕು.

2. ಚೌಕಟ್ಟಿನ ಒಂದು ಕಾಲು ಕ್ಯಾಬಿನ್ ಮೇಲೆ, ಇನ್ನೊಂದು ಸಾಮಾನು ಹೇರುವ ಬೆಡ್ಡಿನಲ್ಲಿ ಇಡಬೇಡಿ. ಬಹುತೇಕ ಪಿಕಪ್ಪುಗಳಲ್ಲಿ ಕ್ಯಾಬಿನ್ನೂ ಹಿಂದಿನ ಬೆಡ್ಡೂ ಒಂದೇ ಚಾಸಿಯ ಮೇಲೆ ಬೇರೆಬೇರೆಯಾಗಿ ಕೂತಿರುತ್ತವೆ. ನಡುವಿನ ಸಂದು ಅದಕ್ಕೇ. ನದಿದಂಡೆಯ ಮಣ್ಣುರಸ್ತೆಯಲ್ಲಿ ಒಂದು ಚಕ್ರ ಗುಂಡಿಗಿಳಿದರೆ ಚಾಸಿ ತಿರುಚಿಕೊಳ್ಳುತ್ತದೆ, ಕ್ಯಾಬಿನ್ ಒಂದು ಕಡೆ ವಾಲಿದರೆ ಬೆಡ್ ಇನ್ನೊಂದು ಕಡೆ. ಎರಡನ್ನೂ ಒಂದೇ ಚೌಕಟ್ಟಿನಿಂದ ಬಿಗಿದಿದ್ದರೆ ಮರವಾದರೂ ಸೀಳಬೇಕು, ಚಾವಣಿಯ ತಗಡಾದರೂ ತಗ್ಗಬೇಕು. ಕಂಬಗಳೆಲ್ಲ ಬೆಡ್ಡಿನಲ್ಲೇ ಇರಲಿ. ಕಯಾಕ್ ಚಾವಣಿಗೆ ತಾಗದೆ, ನಾಲ್ಕು ಬೆರಳು ಅಂತರದಲ್ಲಿ ಹಾದುಹೋಗಲಿ.

3. ಹೆಸರನ್ನು ನಂಬದೆ ಟೇಪು ಹಿಡಿಯಿರಿ. ಇಲ್ಲಿ ‘ಟೂ ಬೈ ಫೋರ್’ ಎಂದು ಮಾರುವ ರೀಪು ನಿಜಕ್ಕೆ ಒಂದೂವರೆ ಇಂಚಿಗೆ ಮೂರೂವರೆ. ಬೆಡ್ಡಿನ ಅಂಚಿನಲ್ಲಿ ಕಂಬ ಇಳಿಸಲು ಬಿಟ್ಟಿರುವ ಕಂಡಿಗಳ ಅಳತೆಯೂ ಗಾಡಿಯಿಂದ ಗಾಡಿಗೆ ಬೇರೆ. ರಟ್ಟು ಕತ್ತರಿಸಿ ಇಳಿಸಿ ನೋಡಿ, ಆಮೇಲೆ ಗರಗಸ ಮುಟ್ಟಿ. ಬೆಣೆ ಬಡಿದ ಕಂಬ ಅಲುಗದಿದ್ದರೂ ಮೇಲಕ್ಕೆದ್ದು ಬರಬಹುದು. ಪ್ರತಿಯೊಂದನ್ನೂ ಬೆಡ್ಡಿನೊಳಗಿನ ಕೊಂಡಿಗೆ ಎಳೆದು ಕಟ್ಟಿ. ಉಡುಪಿ ಕಡೆಯ ಸಾಲಿಗ್ರಾಮದ ಹಿನ್ನೀರಿನಲ್ಲಿ ಕಯಾಕ್ ನಡೆಸುವ ಪರಿಚಿತರೊಬ್ಬರು ಇಂಥ ಕಂಡಿಯೇ ಇಲ್ಲದ ಗಾಡಿಗೆ ಏನು ಮಾಡಲಿ ಎಂದು ಕೇಳಿದ್ದರು. ಕಂಬಗಳ ಬುಡಕ್ಕೆ ಬೆಡ್ಡಿನ ನೆಲದ ಮೇಲೆ ಕೂರುವ ಆಯತಾಕಾರದ ಚೌಕಟ್ಟು ಮಾಡಿ, ಅದನ್ನು ಹಗ್ಗ ಕಟ್ಟುವ ಕೊಕ್ಕೆಗಳಿಗೆ ಬಿಗಿದರಾಯಿತು.

4. ಅಲ್ಯೂಮಿನಿಯಂ ಬೆಡ್ ಆದರೆ ಮರ ನೋಡಿ ಆರಿಸಿ. 2015ರ ಮಾದರಿಯಿಂದ ಫೋರ್ಡ್ ಎಫ್-150ರ ಬೆಡ್ ಅಲ್ಯೂಮಿನಿಯಂನದು. ಕೊಳೆಯದಂತೆ ತಾಮ್ರದ ರಾಸಾಯನಿಕ ಕುಡಿಸಿದ ಹಸಿರು ಛಾಯೆಯ ಮರ ಮಳೆಯಲ್ಲಿ ನೆನೆದು ಅದಕ್ಕೆ ಒರಗಿದರೆ ಲೋಹ ತಿಂದುಹೋಗುತ್ತದೆ. ಮಾಮೂಲಿ ಮರಕ್ಕೆ ಹೊರಾಂಗಣದ ಬಣ್ಣ ಬಳಿದರೆ ಸಾಕು. ಲೋಹಕ್ಕೆ ತಾಗುವಲ್ಲಿ ರಬ್ಬರ್ ತುಂಡು ಇಡಿ.

5. ಮುಖ್ಯ ಜೋಡಣೆಗಳಿಗೆ ಸ್ಕ್ರೂ ಬೇಡ, ಬೋಲ್ಟು ಹಾಕಿ. ಜೊತೆಗೆ ವಾಷರ್, ಸಡಿಲವಾಗದ ನಟ್ಟು. ಮರ ಒಣಗಿದಂತೆ ಕುಗ್ಗಿ ಜೋಡಣೆ ಸಡಿಲವಾಗುತ್ತದೆ, ಮತ್ತೆ ಬಿಗಿಯಲು ಸ್ಪ್ಯಾನರ್ ಗಾಡಿಯಲ್ಲೇ ಇರಲಿ.

6. ಕಟ್ಟುವಾಗ ತೋಳ್ಬಲ ತೋರಿಸಬೇಡಿ. ರ‍್ಯಾಚೆಟ್ ಪಟ್ಟಿ ಎಷ್ಟು ಎಳೆದರೂ ಬಿಗಿಯುತ್ತಲೇ ಹೋಗುತ್ತದೆ. ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ತಳ ತಗ್ಗಿಹೋಗುತ್ತದೆ. ಕೈಯಲ್ಲಿ ಎಳೆದು ನಿಲ್ಲಿಸುವ ಕ್ಯಾಮ್ ಬಕಲ್ ಪಟ್ಟಿಯೇ ವಾಸಿ. ಗಾಳಿಗೆ ಪಟ್ಟಿ ಗುಂಯ್‌ಗುಡುತ್ತಿದ್ದರೆ ಒಂದು ಸುತ್ತು ತಿರುಚಿ ಕಟ್ಟಿ, ಸುಮ್ಮನಾಗುತ್ತದೆ. ಮೂತಿಗೂ ಬಾಲಕ್ಕೂ ಬೇರೆ ಹಗ್ಗ ಬೇಕೇ ಬೇಕು. ಮೊದಲ ಪಾಠದ ಗಾಳಿಯನ್ನು ತಡೆಯುವುದು ಈ ಎರಡು ಹಗ್ಗಗಳೇ.

7. ಒಬ್ಬರೇ ಹೇರುವಂತಿರಲಿ. ಹಿಂದಿನ ಅಡ್ಡಪಟ್ಟಿಯ ಮೇಲೆ ಕಬ್ಬಿಣದ ಸರಳಿಗೆ ಪಿವಿಸಿ ಪೈಪು ತೊಡಿಸಿದರೆ ಅದೇ ಉರುಳೆ. ಮೂತಿಯನ್ನು ಅದರ ಮೇಲಿಟ್ಟು ಹಿಂದಿನಿಂದ ತಳ್ಳಿದರೆ ಸಾಕು, ಪೂರ್ತಿ ದೋಣಿ ಎತ್ತಬೇಕಿಲ್ಲ. ಎಳೆಯರು ಇದನ್ನು ನೋಡಿ ನಗುತ್ತಾರೆ, ನಗಲಿ ಬಿಡಿ.

8. ದೋಣಿ ಹಿಂದಕ್ಕೆ 4 ಅಡಿಗಿಂತ ಹೆಚ್ಚು ಚಾಚಿದರೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ತುದಿಗೆ ಕೆಂಪು ಬಾವುಟ ಕಡ್ಡಾಯ. ನಂಬರ್ ಪ್ಲೇಟು, ಬ್ರೇಕ್ ದೀಪ ಮರೆಯಾಗಬಾರದು. ಎತ್ತರವನ್ನೂ ಅಳೆಯಿರಿ. ಇಲ್ಲಿನ ಮನೆಗಳ ಗ್ಯಾರೇಜು ಬಾಗಿಲು ಸಾಮಾನ್ಯವಾಗಿ 7 ಅಡಿ, ದೋಣಿ ಹೊತ್ತ ಪಿಕಪ್ ಅದರೊಳಗೆ ನುಗ್ಗದು. ದೋಣಿಯನ್ನು ಹೊರಗೇ ಇಳಿಸಿ, ಚೌಕಟ್ಟನ್ನು ನಾಲ್ಕು ಬೋಲ್ಟು ಬಿಚ್ಚಿ ಇಬ್ಬರು ಎತ್ತಿಡುವಂತೆ ಕಟ್ಟಿಕೊಳ್ಳಿ.